ಕಾಲೇಜು ಟೀಮ್ ಸೋತ್ರೆ ಎಷ್ಟು ಬೇಜಾರು ಮಾಡ್ಕೋಬೇಕು? ಅಮೆರಿಕದ ಕಾಲೇಜ್ ಫುಟ್‌ಬಾಲ್ ಮತ್ತು ಅದರ ಫ್ಯಾನ್‌ಗಳ ಮನಸ್ಸು

2024ರ ನವೆಂಬರ್ 30, ಶನಿವಾರ. ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಟೀಮು ತನ್ನ ಸ್ವಂತ ಅಂಗಳದಲ್ಲೇ ಮಿಶಿಗನ್ ಕೈಲಿ 13-10ಕ್ಕೆ ಸೋತೋಯ್ತು. ಎರಡು ದಿನ ಬಿಟ್ಟು ದಾವಣಗೆರೆಯಿಂದ ನಮ್ಮ ದೊಡ್ಡಮ್ಮನ ಫೋನು. ಮೊಮ್ಮಗ ಅಲ್ಲಿ ಎಂಎಸ್ ಮಾಡ್ತಿದಾನೆ, ಸರಿಯಾಗಿ ಮಾತೇ ಆಡ್ತಿಲ್ಲ, ಊಟ ಆಯ್ತಾ ಅಂದ್ರೆ ಬೇಡ ಅಂತಾನೆ, ಅದೇನೋ ಕಾಲೇಜು ಮ್ಯಾಚ್ ಸೋತಿದೆಯಂತೆ. "ಇವನು ಆಡಿದ್ನಾ?" ಅಂದ್ರು. ಇಲ್ಲ ದೊಡ್ಡಮ್ಮ. "ದುಡ್ಡು ಕಟ್ಟಿದ್ನಾ?" ಅದೂ ಇಲ್ಲ. "ಮತ್ಯಾಕೆ?"

ಆ "ಮತ್ಯಾಕೆ"ಗೆ ಫೋನಲ್ಲಿ ನನ್ ಕೈಲಿ ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆ ಮಕ್ಕಳು ಈಗ ಓಹಾಯೋ, ಮಿಶಿಗನ್, ಟೆಕ್ಸಾಸ್ ಯೂನಿವರ್ಸಿಟಿಗಳಲ್ಲಿ ಓದ್ತಿದಾರೆ, ಆಗಸ್ಟಲ್ಲಿ ಹೋಗಿ ಇಳಿದವರು ಅಕ್ಟೋಬರ್ ಅಷ್ಟೊತ್ತಿಗೆ ಕಾಲೇಜು ಬಣ್ಣದ ಟೀಶರ್ಟ್ ಹಾಕ್ಕೊಂಡು ಕಿರುಚೋ ಫೋಟೋ ಕಳಿಸ್ತಾರೆ, ಇಲ್ಲಿ ಅಪ್ಪ ಅಮ್ಮಂಗೆ ಏನೂ ಅರ್ಥ ಆಗಲ್ಲ. ಅದಕ್ಕೆ ಬುಡದಿಂದ ಬರೀತಿದೀನಿ.

ಮೊದಲು, ಇದು ಯಾವ ಆಟ

ನಾವು ಫುಟ್‌ಬಾಲ್ ಅನ್ನೋದನ್ನ ಅವರು ಸಾಕರ್ ಅಂತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಉದ್ದುದ್ದ ಇರತ್ತೆ, ಜಾಸ್ತಿ ಹೊತ್ತು ಅದು ಕೈಯಲ್ಲೇ ಇರತ್ತೆ. ಅರ್ಥ ಮಾಡ್ಕೊಳ್ಳೋಕೆ ಕಬಡ್ಡಿ ನೆನಪು ಮಾಡ್ಕೊಳ್ಳಿ, ಎದುರಾಳಿ ನೆಲದೊಳಗೆ ನುಗ್ಗೋದು, ಅವರು ಹಿಡಿದು ಕೆಡವೋದು. ಒಂದು ಟೀಮಿಗೆ ನಾಲ್ಕು ಚಾನ್ಸ್ ಕೊಡ್ತಾರೆ, ಅಷ್ಟರೊಳಗೆ 10 ಗಜ ಮುಂದೆ ಹೋದ್ರೆ ಮತ್ತೆ ನಾಲ್ಕು ಚಾನ್ಸ್, ಹೋಗದಿದ್ರೆ ಚೆಂಡು ಎದುರಿನವರಿಗೆ. ಕೊನೆ ಗೆರೆ ದಾಟಿಸಿದ್ರೆ ಟಚ್‌ಡೌನ್, 6 ಪಾಯಿಂಟ್. ದೂರದಿಂದ ಕಂಬಗಳ ಮಧ್ಯೆ ಒದ್ದು ಹಾಯಿಸಿದ್ರೆ ಫೀಲ್ಡ್ ಗೋಲ್, 3 ಪಾಯಿಂಟ್. ಮ್ಯಾಚ್ ನೋಡಿ ಖುಷಿ ಪಡೋಕೆ ಇಷ್ಟು ಸಾಕು.

ದುಡ್ಡಿನ ವೃತ್ತಿಪರ ಲೀಗು ಬೇರೆ ಇದೆ, ಎನ್‌ಎಫ್‌ಎಲ್ ಅಂತ. ಅಲ್ಲಿಗೆ ಹೋಗ್ಬೇಕು ಅಂದ್ರೆ ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗಿರ್ಬೇಕು ಅನ್ನೋ ರೂಲ್ ಇದೆ. ಆ ಮೂರು ವರ್ಷ ಪ್ರತಿಭೆ ಇರೋ ಹುಡುಗರು ಎಲ್ಲಿ ಆಡ್ತಾರೆ? ಕಾಲೇಜಲ್ಲಿ. ಆದ್ರೆ ಕಾಲೇಜಲ್ಲಿ ಆಡೋರಲ್ಲಿ ಎನ್‌ಎಫ್‌ಎಲ್ ಮುಟ್ಟೋರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರ ಬದುಕಲ್ಲಿ ಈ ಆಟದ ದೊಡ್ಡ ದಿನ ಅಂದ್ರೆ ಈ ಶನಿವಾರಗಳೇ.

ರಾಜ್ಯಕ್ಕೆ ರಾಜ್ಯವೇ ಯಾಕೆ ಹಿಂದೆ ಬೀಳತ್ತೆ

ಮೊದಲನೇ ಕಾಲೇಜ್ ಮ್ಯಾಚ್ ಆಗಿದ್ದು 1869ರ ನವೆಂಬರ್ 6ಕ್ಕೆ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಮಧ್ಯೆ. ಎನ್‌ಎಫ್‌ಎಲ್ ಶುರುವಾಗಿದ್ದು 1920ರಲ್ಲಿ. ಅಂದ್ರೆ ವೃತ್ತಿಪರ ಆಟ ಕಣ್ಣು ಬಿಡೋ ಮೊದಲೇ ಅರ್ಧ ಶತಮಾನ ಕಾಲೇಜು ಆಟ ಬೇರು ಬಿಟ್ಟಾಗಿತ್ತು, ಅಜ್ಜ ಹೋದ ಸ್ಟೇಡಿಯಂಗೆ ಮೊಮ್ಮಗಳೂ ಹೋಗ್ತಾಳೆ. ಅಲಬಾಮಾ, ನೆಬ್ರಾಸ್ಕಾದಂಥ ರಾಜ್ಯಗಳಲ್ಲಿ ದೊಡ್ಡ ವೃತ್ತಿಪರ ಲೀಗುಗಳ ಟೀಮು ಒಂದೂ ಇಲ್ಲ, ಇಡೀ ರಾಜ್ಯಕ್ಕೆ ಯೂನಿವರ್ಸಿಟಿ ಟೀಮೇ ಟೀಮು, ಕಾಲೇಜು ಮೆಟ್ಟಿಲು ಹತ್ತದ ರೈತ, ಮೆಕ್ಯಾನಿಕ್ ಎಲ್ಲರಿಗೂ ಅದು ನಮ್ಮದೇ ಅನ್ನೋ ಭಾವನೆ. ನೆಬ್ರಾಸ್ಕಾದ ಸ್ಟೇಡಿಯಂ 1962ರಿಂದ ಒಂದು ಮ್ಯಾಚೂ ಬಿಡದೆ ಹೌಸ್‌ಫುಲ್, ಮ್ಯಾಚ್ ದಿನ ಅದೊಂದೇ ಆ ರಾಜ್ಯದ ಮೂರನೇ ದೊಡ್ಡ ಊರಿನಷ್ಟಾಗತ್ತೆ. ಮಿಶಿಗನ್‌ನ ಆನ್ ಆರ್ಬರ್‌ನಲ್ಲಿರೋ ಸ್ಟೇಡಿಯಂಗೆ 1,07,601 ಜನ ಹಿಡಿಸ್ತಾರೆ, ನಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ, ಅದೂ ಒಂದೂಕಾಲು ಲಕ್ಷ ಜನ ಇರೋ ಊರಲ್ಲಿ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ ಊರ ತೇರು. ತೇರಿಗೆ ಬೆಂಗಳೂರಲ್ಲಿರೋರೂ ರಜೆ ಹಾಕಿ ಊರಿಗೆ ಬರ್ತಾರಲ್ಲ, ಹಾಗೆ ಹಳೇ ವಿದ್ಯಾರ್ಥಿಗಳು ಸಾವಿರಾರು ಮೈಲಿಯಿಂದ ಬರ್ತಾರೆ, ಬೆಳಗ್ಗೆನೇ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆಗೆದು ಒಲೆ ಹಚ್ಚಿ ಅಡುಗೆ ಮಾಡಿ ಗುರುತಿಲ್ಲದವರಿಗೂ ಕರೆದು ಬಡಿಸ್ತಾರೆ, ಅದಕ್ಕೆ ಟೇಲ್‌ಗೇಟಿಂಗ್ ಅಂತಾರೆ. ನಾನು ಅಲ್ಲಿ ಓದೋವಾಗ ನನಗೆ ಮೊದಲ ಪರಿಚಯಗಳಾಗಿದ್ದೇ ಆ ಪಾರ್ಕಿಂಗ್ ಜಾಗಗಳಲ್ಲಿ. ಹೊಸ ದೇಶ, ಚಳಿ, ಹಾಸ್ಟೆಲ್ ರೂಮಲ್ಲಿ ಒಬ್ಬನೇ, ಆಗ ಒಂದು ಕೆಂಪು ಟೀಶರ್ಟ್ ಹಾಕ್ಕೊಂಡ ತಕ್ಷಣ ರಸ್ತೆಲಿ ಹೋಗೋರೆಲ್ಲ ಕೈ ಎತ್ತಿ ಮಾತಾಡಿಸ್ತಾರೆ. ದೊಡ್ಡಮ್ಮನ ಮೊಮ್ಮಗ ಯಾಕೆ ಅಷ್ಟು ಬೇಗ ಅದಕ್ಕೆ ಅಂಟ್ಕೊಂಡ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಕಾರಣ ಲೆಕ್ಕದ್ದು. ಸೀಸನ್‌ಗೆ ಬರೀ 12 ಮ್ಯಾಚ್. ಐಪಿಎಲ್‌ನಲ್ಲೂ ಲೀಗ್ ಹಂತದಲ್ಲಿ 14 ಇದೆಯಲ್ಲ ಅನ್ನಬಹುದು, ಆದ್ರೆ ಇಲ್ಲಿ ಟೀಮುಗಳು ನೂರಕ್ಕೂ ಜಾಸ್ತಿ. 2014ರಿಂದ 2023ರ ಸೀಸನ್ ತನಕ ಅಷ್ಟರಲ್ಲಿ ಪ್ಲೇಆಫ್‌ಗೆ ಹೋಗ್ತಿದ್ದಿದ್ದು ಬರೀ ನಾಲ್ಕು, ಒಂದು ಸೋಲು ಬಿತ್ತು ಅಂದ್ರೆ ವರ್ಷವೇ ಹೋಯ್ತು ಅನ್ನೋ ಹಾಗಿತ್ತು. 2024ರಿಂದ 12 ಟೀಮ್ ಮಾಡಿದಾರೆ, ಒತ್ತಡ ಸ್ವಲ್ಪ ತಗ್ಗಿದೆ, ಆದ್ರೆ ಜನರ ಮನಸ್ಸು ಇನ್ನೂ ಹಳೇ ಲೆಕ್ಕದಲ್ಲೇ ಇದೆ.

"ನಾವು ಗೆದ್ವಿ", ಆದ್ರೆ "ಅವರು ಸೋತ್ರು"

ಆಡಿದ್ದು ಹನ್ನೊಂದು ಹುಡುಗರು, ಹೊಟ್ಟೆ ಉರಿಯೋದು ಟಿವಿ ಮುಂದೆ ಕೂತವನಿಗೆ. ಇದರ ಬಗ್ಗೆ 1976ರಲ್ಲಿ ರಾಬರ್ಟ್ ಚಿಯಾಲ್ಡೀನಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಮಾಡಿದ ಅಧ್ಯಯನ ಇವತ್ತಿಗೂ ಎಲ್ಲರೂ ಹೇಳೋ ಅಂಥದ್ದು. ಏಳು ಯೂನಿವರ್ಸಿಟಿಗಳಲ್ಲಿ ಸೋಮವಾರ ಕ್ಲಾಸಿಗೆ ಬಂದ ವಿದ್ಯಾರ್ಥಿಗಳು ಏನು ಹಾಕ್ಕೊಂಡಿದಾರೆ ಅಂತ ನೋಡಿದ್ರು ಅಷ್ಟೇ. ಶನಿವಾರ ಟೀಮ್ ಗೆದ್ದಿದ್ರೆ ಕಾಲೇಜ್ ಹೆಸರಿರೋ ಬಟ್ಟೆ ಜಾಸ್ತಿ ಕಾಣಿಸ್ತು. ಫೋನ್ ಮಾಡಿ ಮ್ಯಾಚ್ ಬಗ್ಗೆ ಕೇಳಿದಾಗ ಗೆದ್ದಿದ್ರೆ "ನಾವು" ಅನ್ನೋ ಮಾತು ಜಾಸ್ತಿ, ಸೋತಿದ್ರೆ "ಅವರು" ಆಗ್ಬಿಡ್ತಿತ್ತು. ಇನ್ನೊಬ್ಬರ ಬೆಳಕಲ್ಲಿ ನಾವು ಬಿಸಿಲು ಕಾಯಿಸ್ಕೊಳ್ಳೋದು ಇದು. ಆರ್‌ಸಿಬಿ ವಿಷಯದಲ್ಲಿ ನಮ್ಮನ್ನ ನಾವೇ ನೋಡ್ಕೊಂಡ್ರೆ ಬಿಡಿಸಿ ಹೇಳೋದೇ ಬೇಡ.

ಆದ್ರೆ ಎಲ್ಲಾ ಫ್ಯಾನ್‌ಗಳೂ ಸೋತಾಗ ದೂರ ಸರಿಯಲ್ಲ. ಟೀಮನ್ನ ತನ್ನ ಗುರುತಿನ ಒಂದು ಭಾಗ ಅಂತ ಒಬ್ಬ ಎಷ್ಟು ಗಾಢವಾಗಿ ಅನ್ಕೊಂಡಿದಾನೆ ಅನ್ನೋದನ್ನ ಸಂಶೋಧಕರು ಟೀಮ್ ಐಡೆಂಟಿಫಿಕೇಶನ್ ಅಂತ ಕರೀತಾರೆ, ಸರಳವಾಗಿ ಹೇಳೋದಾದ್ರೆ ನಂಟು. ನಂಟು ಗಾಢ ಇದ್ದವನು ಸೋತ ಸೋಮವಾರವೂ ಅದೇ ಟೀಶರ್ಟ್ ಹಾಕ್ತಾನೆ. ಅವನ ದೇಹವೂ ಆಟದ ಜೊತೆ ಏರಿಳಿಯತ್ತೆ, 1994ರ ವಿಶ್ವಕಪ್ ಫೈನಲ್ ನೋಡ್ತಿದ್ದ ಬ್ರೆಜಿಲ್, ಇಟಲಿ ಅಭಿಮಾನಿಗಳ ಎಂಜಲು ಪರೀಕ್ಷೆ ಮಾಡಿದಾಗ ಗೆದ್ದ ಕಡೆಯವರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಏರಿತ್ತು, ಸೋತವರಲ್ಲಿ ಇಳಿದಿತ್ತು. ಬರೀ ಕೂತು ನೋಡಿದವರಲ್ಲಿ! ಅಂದ್ರೆ ದೊಡ್ಡಮ್ಮನ ಮೊಮ್ಮಗ ನಾಟಕ ಮಾಡ್ತಿರ್ಲಿಲ್ಲ, ಅವನಿಗೆ ನಿಜವಾಗ್ಲೂ ಸಂಕಟ ಆಗಿತ್ತು.

ಈ ನಂಟಿಂದ ಒಳ್ಳೇದೂ ಇದೆ. ಡೇನಿಯಲ್ ವಾನ್ ಅನ್ನೋ ಮನಶ್ಶಾಸ್ತ್ರ ಪ್ರೊಫೆಸರ್ ದಶಕಗಟ್ಟಲೆ ಇದನ್ನೇ ಅಧ್ಯಯನ ಮಾಡಿದಾರೆ, ತಾವಿರೋ ಊರಿನ ಟೀಮ್ ಜೊತೆ ನಂಟು ಇಟ್ಕೊಂಡವರಲ್ಲಿ ಒಂಟಿತನ ಕಮ್ಮಿ ಅನ್ನೋದು ಅವರ ಕೆಲಸದಲ್ಲಿ ಮತ್ತೆ ಮತ್ತೆ ಕಾಣತ್ತೆ. ಅಲ್ಲಿ ಊರು ಅನ್ನೋದು ಮುಖ್ಯ. ಸುತ್ತ ಇರೋರೆಲ್ಲ ಅದೇ ಟೀಮಿನವರಾದ್ರೆ ದಿನಾ ನಾಲ್ಕು ಮಾತಾಡೋಕೆ ಜನ ಸಿಗ್ತಾರಲ್ಲ, ಒಳ್ಳೇದಾಗೋದು ಆ ಮಾತುಕತೆಯಿಂದ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ

ಎಷ್ಟು ಹಚ್ಕೋಬೇಕು ಅನ್ನೋ ಪ್ರಶ್ನೆ ಗಂಭೀರ ಆಗೋದು ಇಲ್ಲಿಂದ. ಲೂಯಿಸಿಯಾನಾ ರಾಜ್ಯದಲ್ಲಿ ಎಲ್‌ಎಸ್‌ಯು ಅಂತ ದೊಡ್ಡ ಯೂನಿವರ್ಸಿಟಿ ಇದೆ, ಫುಟ್‌ಬಾಲ್‌ಗೆ ಹೆಸರುವಾಸಿ. ಇಬ್ಬರು ಅರ್ಥಶಾಸ್ತ್ರಜ್ಞರು ಆ ರಾಜ್ಯದ ಬಾಲಾಪರಾಧ ಕೋರ್ಟುಗಳ 1996ರಿಂದ 2012ರ ತನಕದ ತೀರ್ಪುಗಳನ್ನ ತೆಗೆದು ಮ್ಯಾಚ್‌ಗಳ ಜೊತೆ ಹೋಲಿಸಿ ನೋಡಿದ್ರು. ಗೆದ್ದೇ ಗೆಲ್ಲತ್ತೆ ಅನ್ಕೊಂಡಿದ್ದ ಟೀಮ್ ಸೋತ ಮೇಲಿನ ವಾರ ಜಡ್ಜ್‌ಗಳು ಮಕ್ಕಳಿಗೆ ಕೊಟ್ಟ ಶಿಕ್ಷೆ ಉದ್ದ ಆಗಿತ್ತು. ಸಮಬಲದ ಮ್ಯಾಚ್ ಸೋತಾಗ ಹಾಗಾಗಿಲ್ಲ. ಅನಿರೀಕ್ಷಿತವಾಗಿ ಗೆದ್ದಾಗ ಶಿಕ್ಷೆ ಕಮ್ಮಿಯೂ ಆಗಿಲ್ಲ. ಇದು ಮುಖ್ಯವಾಗಿ ಕಂಡಿದ್ದು ಅದೇ ಯೂನಿವರ್ಸಿಟಿಲಿ ಡಿಗ್ರಿ ಮಾಡಿದ್ದ ಜಡ್ಜ್‌ಗಳಲ್ಲಿ, ಮತ್ತು ಆ ಹೊರೆ ಜಾಸ್ತಿ ಬಿದ್ದಿದ್ದು ಕಪ್ಪು ಮಕ್ಕಳ ಮೇಲೆ. ನನಗೆ ಈ ಅಧ್ಯಯನ ಓದಿದ ದಿನ ನಿದ್ದೆ ಬರ್ಲಿಲ್ಲ. ಆ ಜಡ್ಜ್‌ಗಳು ಯಾರೂ ಬೇಕಂತ ಮಾಡಿರಲ್ಲ, ಅವರಿಗೆ ಗೊತ್ತೂ ಇರ್ಲಿಕ್ಕಿಲ್ಲ. ಶನಿವಾರದ ಬೇಜಾರು ಬುಧವಾರ ಇನ್ಯಾರದೋ ಮಗುವಿನ ಮೇಲೆ ಇಳೀತು.

ಮನೆ ಒಳಗೂ ಹಾಗೇ. ವೃತ್ತಿಪರ ಎನ್‌ಎಫ್‌ಎಲ್ ಮ್ಯಾಚ್‌ಗಳ ಬಗ್ಗೆ 2011ರಲ್ಲಿ ಬಂದ ಡೇವಿಡ್ ಕಾರ್ಡ್, ಗಾರ್ಡನ್ ಡಾಲ್ ಅವರ ಅಧ್ಯಯನದಲ್ಲಿ, ಗೆಲ್ಲಬೇಕಿದ್ದ ಊರ ಟೀಮ್ ಸೋತ ದಿನ ಗಂಡಸರು ಹೆಂಡತಿ ಅಥವಾ ಗೆಳತಿ ಮೇಲೆ ಮನೆಯಲ್ಲಿ ಕೈಮಾಡಿದ ಪೊಲೀಸ್ ಕೇಸುಗಳು ಶೇಕಡಾ 10ರಷ್ಟು ಏರಿದ್ವು. ಇಲ್ಲೂ ನೋಡಿ, ನಿರೀಕ್ಷೆ ಇಟ್ಕೊಂಡು ಸೋತಾಗಲೇ ಪೆಟ್ಟು.

ಆಡೋ ಹುಡುಗರ ಮೇಲಂತೂ ನೇರವಾಗೇ ಬೀಳತ್ತೆ. ಅಲಬಾಮಾ ರಾಜ್ಯದ ಎರಡು ದೊಡ್ಡ ಟೀಮು ಅಲಬಾಮಾ ಮತ್ತು ಆಬರ್ನ್, ಇವರ ವರ್ಷದ ಮ್ಯಾಚಿಗೆ ಐರನ್ ಬೌಲ್ ಅಂತಾರೆ, ಅಲ್ಲಿ ಹುಟ್ಟಿದ ಮಗುಗೂ ನೀನು ಯಾವ ಕಡೆ ಅಂತ ಕೇಳ್ತಾರೆ ಅನ್ನೋ ಮಾತಿದೆ. 2013ರ ನವೆಂಬರ್ 30ಕ್ಕೆ 28-28 ಸಮ ಇದ್ದಾಗ, ಒಂದೇ ಒಂದು ಸೆಕೆಂಡ್ ಉಳಿದಿದ್ದಾಗ ಅಲಬಾಮಾ ದೂರದ ಫೀಲ್ಡ್ ಗೋಲ್‌ಗೆ ಒದೀತು, ಚೆಂಡು ಕಂಬದ ತನಕ ಹೋಗದೆ ಬಿತ್ತು, ಹಿಂದೆ ನಿಂತಿದ್ದ ಆಬರ್ನ್ ಆಟಗಾರ ಅದನ್ನ ಹಿಡ್ಕೊಂಡು ಇಡೀ ಮೈದಾನ ಓಡಿ ಟಚ್‌ಡೌನ್ ಮಾಡಿ 34-28ಕ್ಕೆ ಗೆಲ್ಲಿಸಿಬಿಟ್ಟ. ಅದೇ ಮ್ಯಾಚಲ್ಲಿ ಮೊದಲು ಫೀಲ್ಡ್ ಗೋಲ್ ಅವಕಾಶಗಳನ್ನ ಕಳ್ಕೊಂಡಿದ್ದ ಅಲಬಾಮಾದ ಇನ್ನೊಬ್ಬ ಕಿಕ್ಕರ್‌ಗೆ ಆ ರಾತ್ರಿ ಕೊಲೆ ಬೆದರಿಕೆಗಳು ಬಂದ್ವು. ಕಾಲೇಜು ಹುಡುಗ. ಅವನ ಜೆರ್ಸಿ ನಂಬರ್ 43, ಅಮೆರಿಕದ 43ನೇ ಅಧ್ಯಕ್ಷ ಆಗಿದ್ದ ಜಾರ್ಜ್ ಬುಷ್ ಅವನಿಗೆ ಕೈಬರಹದಲ್ಲಿ ಸಮಾಧಾನದ ಪತ್ರ ಕಳಿಸಿದ್ರು.

ಈಗ ಬೆಟ್ಟಿಂಗ್ ಬೇರೆ ಸೇರ್ಕೊಂಡಿದೆ. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಂದೊಂದೇ ರಾಜ್ಯ ಕ್ರೀಡಾ ಬೆಟ್ಟಿಂಗನ್ನ ಕಾನೂನುಬದ್ಧ ಮಾಡ್ತು, ದುಡ್ಡು ಕಳ್ಕೊಂಡವರು ಸೀದಾ ಆಟಗಾರನ ಇನ್‌ಸ್ಟಾಗ್ರಾಂಗೇ ಹೋಗಿ ಬೈತಾರೆ. ದೊಡ್ಡಮ್ಮ "ದುಡ್ಡು ಕಟ್ಟಿದ್ನಾ" ಅಂತ ಎರಡನೇ ಪ್ರಶ್ನೆಗೇ ಕೇಳಿದ್ದು ಸರಿಯಾಗೇ ಇತ್ತು.

ದುಡ್ಡು ಬಂತು, ಹುಡುಗರು ಬದಲಾಗ್ತಾರೆ

ಹಳೇ ಫ್ಯಾನ್‌ಗಳು ಇವಾಗ ಇನ್ನೊಂದು ಬೇಜಾರಲ್ಲಿದಾರೆ. ಮೊದಲು ಕಾಲೇಜು ಆಟಗಾರರಿಗೆ ಸ್ಕಾಲರ್‌ಶಿಪ್ ಬಿಟ್ಟು ಸಂಬಳ ಅಂತ ಇರ್ಲಿಲ್ಲ, ಕೋಚ್‌ಗಳಿಗೆ ಮಾತ್ರ ಕೋಟಿಗಟ್ಟಲೆ, ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಅಂದ್ರೆ ಯೂನಿವರ್ಸಿಟಿಯ ಕೋಚೇ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿಂದ ದುಡ್ಡು ಮಾಡ್ಕೋಬಹುದು ಅಂತಾಯ್ತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿ ಪ್ರಕಾರ ಯೂನಿವರ್ಸಿಟಿಗಳೇ ನೇರವಾಗಿ ಆಟಗಾರರಿಗೆ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಜೊತೆಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಒಂದು ವ್ಯವಸ್ಥೆ ಇದೆ, ಬೇರೆ ಕಾಲೇಜಿಗೆ ಹೋಗೋ ಆಟಗಾರ ಅದರಲ್ಲಿ ಹೆಸರು ಹಾಕ್ತಾನೆ, ಮೊದಲೆಲ್ಲ ಹಾಗೆ ಹೋದ್ರೆ ಒಂದು ವರ್ಷ ಆಡೋ ಹಾಗಿರ್ಲಿಲ್ಲ, ಈಗ ಆ ಕಟ್ಟುಪಾಡು ಹೋಗಿದೆ.

ಆಟಗಾರನ ಕಡೆಯಿಂದ ನೋಡಿದ್ರೆ ಇದು ನ್ಯಾಯ, ಮೈ ಮುರಿದು ಆಡೋನಿಗೆ ದುಡ್ಡು ಸಿಗ್ಬೇಕು ಅನ್ನೋದು ನನ್ನ ಅನಿಸಿಕೆ. ಫ್ಯಾನ್ ಕಡೆಯಿಂದ ನೋಡಿದ್ರೆ ಹೋದ ವರ್ಷ ಹೆಗಲ ಮೇಲೆ ಹೊತ್ತ ಹುಡುಗ ಈ ವರ್ಷ ಎದುರಾಳಿ ಬಣ್ಣದಲ್ಲಿ ಇಳೀತಾನೆ. ಹರಾಜಾದ ಮೇಲೆ ನಮ್ಮ ಐಪಿಎಲ್ ಟೀಮಲ್ಲಿ ಅರ್ಧ ಹೊಸ ಮುಖ ಕಂಡಾಗ ಆಗೋ ಥರಾನೇ. ಬರೀ ಆಟಗಾರರಲ್ಲ, ಕಾಲೇಜುಗಳೇ ಟಿವಿ ದುಡ್ಡಿಗಾಗಿ ಗುಂಪು ಬದಲಾಯಿಸಿವೆ, ಕಾನ್ಫರೆನ್ಸ್ ಅಂತಾರೆ ಆ ಗುಂಪುಗಳಿಗೆ. 2024ರಲ್ಲಿ ಪಶ್ಚಿಮ ಕರಾವಳಿಯ ನೂರು ವರ್ಷ ದಾಟಿದ್ದ ಪ್ಯಾಕ್-12 ಗುಂಪಲ್ಲಿ ಹತ್ತು ಟೀಮು ಬಿಟ್ಟು ಹೋಗಿ ಎರಡೇ ಉಳಿದ್ವು. ಒಕ್ಲಹೋಮಾದ ಎರಡು ಯೂನಿವರ್ಸಿಟಿಗಳ ಮಧ್ಯೆ ವರ್ಷ ವರ್ಷ ನಡೀತಿದ್ದ ಮ್ಯಾಚು 2023ಕ್ಕೆ ನಿಂತೇ ಹೋಯ್ತು. ಎಪ್ಪತ್ತು ವರ್ಷದ ಅಜ್ಜನಿಗೆ ಅದು ಊರ ಜಾತ್ರೆ ನಿಂತ ಹಾಗೆ.

ಹಾಗಾದ್ರೆ ಎಷ್ಟು?

ಇದಕ್ಕೆ ಅಳತೆ ಇಲ್ಲ, ಆದ್ರೆ ತಿಳ್ಕೊಂಡಿದ್ರೆ ಉಪಯೋಗಕ್ಕೆ ಬರೋ ಒಂದು ವಿಷಯ ಇದೆ. ವರ್ಜೀನಿಯಾ ಯೂನಿವರ್ಸಿಟಿಲಿ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು ಕಾಲೇಜು ಫುಟ್‌ಬಾಲ್ ಫ್ಯಾನ್‌ಗಳಾದ ವಿದ್ಯಾರ್ಥಿಗಳನ್ನ ಮ್ಯಾಚಿಗಿಂತ ಮುಂಚೆನೇ ಕೇಳಿದ್ರು, ಟೀಮ್ ಗೆದ್ರೆ ಅಥವಾ ಸೋತ್ರೆ ಆಮೇಲಿನ ದಿನಗಳಲ್ಲಿ ನಿಮಗೆ ಹೇಗನ್ಸತ್ತೆ ಅಂತ. ಆಮೇಲೆ ನಿಜವಾಗಿ ಹೇಗನ್ಸ್ತು ಅಂತಾನೂ ಕೇಳಿದ್ರು. 2000ದಲ್ಲಿ ಪ್ರಕಟ ಆದ ಈ ಕೆಲಸದಲ್ಲಿ ಗೊತ್ತಾಗಿದ್ದು, ಮ್ಯಾಚಿನ ಖುಷಿ ದುಃಖ ನಾವು ಅನ್ಕೊಂಡಷ್ಟು ದಿನ ಬಾಳಲ್ಲ ಅಂತ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ಕಾರಣ ಏನಪ್ಪಾ ಅಂದ್ರೆ, ಮ್ಯಾಚ್ ಬಗ್ಗೆ ಯೋಚಿಸೋವಾಗ ಮ್ಯಾಚೊಂದೇ ಕಣ್ಣಿಗೆ ಕಾಣತ್ತೆ, ಸೋಮವಾರದ ಅಸೈನ್‌ಮೆಂಟು, ಬಟ್ಟೆ ಒಗೆಯೋದು, ಗೆಳೆಯನ ಹುಟ್ಟುಹಬ್ಬ ಯಾವುದೂ ಕಾಣಲ್ಲ. ಮುಂದಿನ ಒಂದು ದಿನ ಏನೇನು ಮಾಡ್ತೀನಿ ಅಂತ ಮೊದಲೇ ಡೈರಿ ಥರ ಬರೆದ ವಿದ್ಯಾರ್ಥಿಗಳ ಊಹೆ ಅಷ್ಟು ಅತಿಗೆ ಹೋಗ್ಲಿಲ್ಲ. ನಾನಂತೂ ಇದನ್ನ ಮಾಡ್ತೀನಿ, ದೊಡ್ಡ ಮ್ಯಾಚಿನ ಹಿಂದಿನ ದಿನ ಭಾನುವಾರದ ಕೆಲಸ ಒಂದು ಚೀಟಿಲಿ ಬರೆದು ಫ್ರಿಜ್‌ಗೆ ಅಂಟಿಸ್ತೀನಿ.

ಕೊಲಂಬಸ್ ಕಥೆಯೇ ನೋಡಿ. ಮಿಶಿಗನ್‌ಗೆ ಆ ಹೊತ್ತಿಗೆ ದೇಶದ ಟಾಪ್ 25 ಟೀಮುಗಳ ಪಟ್ಟಿಲೂ ಜಾಗ ಇರ್ಲಿಲ್ಲ, ಓಹಾಯೋ ಸ್ಟೇಟ್ ಎರಡನೇ ಸ್ಥಾನದಲ್ಲಿತ್ತು, ಸಾಲಾಗಿ ನಾಲ್ಕನೇ ವರ್ಷ ಅದೇ ಮಿಶಿಗನ್‌ಗೆ ಸೋತಿದ್ದು, ಮ್ಯಾಚ್ ಮುಗಿದ ಮೇಲೆ ಮೈದಾನದ ಮಧ್ಯೆ ಬಾವುಟ ನೆಡೋಕೆ ಹೋಗಿ ಹೊಡೆದಾಟ ಆಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದ್ರು, ಕೋಚನ್ನ ಕಿತ್ತಾಕಿ ಅಂತ ಕೂಗು. ಆದ್ರೆ 12 ಟೀಮಿನ ಹೊಸ ಪ್ಲೇಆಫ್ ಇದ್ದಿದ್ರಿಂದ ಅವರಿಗೆ ಇನ್ನೂ ಜಾಗ ಇತ್ತು. ಅದೇ ಕೋಚ್, ಅದೇ ಹುಡುಗರು ಟೆನೆಸ್ಸೀ, ಒರೆಗಾನ್, ಟೆಕ್ಸಾಸ್ ಎಲ್ಲರನ್ನೂ ಸೋಲಿಸಿ 2025ರ ಜನವರಿ 20ಕ್ಕೆ ನೋಟರ್ ಡೇಮ್ ಮೇಲೆ 34-23ಕ್ಕೆ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದ್ರು. ಎಲ್ಲಾ ಮುಗೀತು ಅಂದ ದಿನಕ್ಕೂ ಕಪ್ ಎತ್ತಿದ ದಿನಕ್ಕೂ 51 ದಿನ ಅಷ್ಟೇ. ಮೊಮ್ಮಗ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕುಣಿದಾಡಿದ್ನಂತೆ, ದಾವಣಗೆರೆಲಿ ಆಗ ಬೆಳಗಿನ ಹೊತ್ತು.

ನನ್ನ ಮಟ್ಟಿಗೆ ನಾನು ನೋಡ್ಕೊಳ್ಳೋದು ಬೇಜಾರು ಎಷ್ಟು ಜೋರಿದೆ ಅಂತಲ್ಲ, ಅದು ಯಾರ ಮೇಲೆ ಇಳೀತಿದೆ ಅಂತ. ಶನಿವಾರ ರಾತ್ರಿ ಕಣ್ಣೀರು ಬಂತಾ, ಬರ್ಲಿ. ಎರಡು ದಿನ ಆದ್ರೂ ಅಮ್ಮನ ಫೋನಿಗೆ ಸಿಡುಕ್ತಿದೀವಾ, ಯಾರೋ ಹುಡುಗನ ಪೇಜಿಗೆ ಹೋಗಿ ಕೆಟ್ಟದ್ದು ಬರೆಯೋಕೆ ಬೆರಳು ತುರಿಸ್ತಿದೆಯಾ, ಬಾಡಿಗೆ ದುಡ್ಡು ಬೆಟ್ಟಿಂಗ್‌ಗೆ ಹೋಗ್ತಿದೆಯಾ, ಹಾಗಾದ್ರೆ ಅದು ದಾಟಿದೆ. ಅಂಥ ವಾರ ಹೈಲೈಟ್ಸ್, ಡಿಬೇಟ್ ನೋಡೋದು ಬಿಟ್ಟು ಆಡೋಕೋ ನಡೆಯೋಕೋ ಹೋಗೋದು ನಿಜವಾಗ್ಲೂ ಕೆಲಸ ಮಾಡತ್ತೆ. ಎದೆ ತೊಂದರೆ ಇರೋರು ಇನ್ನೂ ಹುಷಾರಾಗಿರ್ಬೇಕು, 2006ರ ಸಾಕರ್ ವಿಶ್ವಕಪ್ ಹೊತ್ತಲ್ಲಿ ಜರ್ಮನಿ ಆಡಿದ ದಿನ ಮ್ಯೂನಿಕ್ ಭಾಗದಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತ ಜಾಸ್ತಿ ಬಂದಿದ್ವು.

ಮರಕ್ಕೆ ವಿಷ ಹಾಕಿದ ವರ್ಷ

ಆಬರ್ನ್ ಊರಿನ ಟೂಮರ್ಸ್ ಕಾರ್ನರ್ ಅನ್ನೋ ವೃತ್ತದಲ್ಲಿ ಎಷ್ಟೋ ವರ್ಷದ ಹಳೇ ಎರಡು ಓಕ್ ಮರ ಇದ್ವು. ಟೀಮ್ ಗೆದ್ದಾಗಲೆಲ್ಲ ಜನ ಬಂದು ಟಾಯ್ಲೆಟ್ ಪೇಪರ್ ಸುರುಳಿ ಎಸೆದು ಮರಗಳನ್ನ ಬೆಳ್ಳಗೆ ಮಾಡೋದು ಅಲ್ಲಿನ ಸಂಭ್ರಮ. 2010ರ ಐರನ್ ಬೌಲಲ್ಲಿ 24-0 ಹಿಂದೆ ಇದ್ದ ಆಬರ್ನ್ 28-27ಕ್ಕೆ ಗೆದ್ದುಬಿಡ್ತು. 2011ರ ಜನವರಿಲಿ ಅಲಬಾಮಾ ಫ್ಯಾನ್ ಒಬ್ಬ ರೇಡಿಯೋ ಶೋಗೆ ಫೋನ್ ಮಾಡಿ ನಾನೇ ಆ ಮರಗಳಿಗೆ ವಿಷ ಹಾಕಿದೀನಿ ಅಂದ. ಪರೀಕ್ಷೆ ಮಾಡಿದ್ರೆ ಮಣ್ಣಲ್ಲಿ ನಿಜವಾಗ್ಲೂ ಕಳೆನಾಶಕ ಇತ್ತು. ಅರವತ್ತು ದಾಟಿದ ಮನುಷ್ಯ, ಜೈಲಿಗೆ ಹೋದ. ಮರ ಉಳಿಸೋಕೆ ತುಂಬಾ ಪ್ರಯತ್ನ ಮಾಡಿದ್ರು, ಆಗ್ಲಿಲ್ಲ, 2013ರ ಏಪ್ರಿಲ್‌ನಲ್ಲಿ ಕಡಿಯಬೇಕಾಯ್ತು. ಒಬ್ಬ ಮನುಷ್ಯ ಆಟನ ಎಲ್ಲಿ ತನಕ ತಗೊಂಡು ಹೋಗಬಹುದು ಅನ್ನೋದಕ್ಕೆ ಅಮೆರಿಕದಲ್ಲಿ ಎಲ್ಲರೂ ಹೇಳೋ ಕಥೆ ಇದು.

ಅದರ ಮುಂದಿನ ಭಾಗ ಅಷ್ಟಾಗಿ ಯಾರೂ ಹೇಳಲ್ಲ. ವಿಷದ ಸುದ್ದಿ ಬಂದಾಗ ಮರಗಳಿಗೋಸ್ಕರ ಅಲಬಾಮಾ ಫ್ಯಾನ್‌ಗಳೇ ದುಡ್ಡು ಕೂಡಿಸಿದ್ರು. ಅದಾಗಿ ಕೆಲವೇ ವಾರಕ್ಕೆ, 2011ರ ಏಪ್ರಿಲ್ 27ಕ್ಕೆ, ಅಲಬಾಮಾ ಯೂನಿವರ್ಸಿಟಿ ಇರೋ ಟಸ್ಕಲೂಸಾ ಊರಿಗೆ ಭೀಕರ ಸುಂಟರಗಾಳಿ ಬಡೀತು, ಅದು ಸಾಗಿದ ದಾರಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ರು, ಬಡಾವಣೆಗಳೇ ನೆಲಸಮ ಆದ್ವು. ಆಗ ಆಬರ್ನ್ ಫ್ಯಾನ್‌ಗಳು "ಟೂಮರ್ಸ್ ಫಾರ್ ಟಸ್ಕಲೂಸಾ" ಅಂತ ಗುಂಪು ಕಟ್ಕೊಂಡು ನೀರು, ಬಟ್ಟೆ, ಸಾಮಾನು ತುಂಬ್ಕೊಂಡು ಎದುರಾಳಿ ಊರಿಗೆ ಹೋದ್ರು. ವಿಷ ಬಿದ್ದ ಮರ ನಿಂತಿದ್ದ ವೃತ್ತದ ಹೆಸರನ್ನೇ ಆ ಗುಂಪಿಗೆ ಇಟ್ರು. ಮ್ಯಾಚಿಗೆ ಅಂತ ಗುರುತಾಗಿದ್ದ ಜನ, ಮ್ಯಾಚಿಗೆ ಅಂತ ಇಟ್ಕೊಂಡಿದ್ದ ಫೋನ್ ನಂಬರು, ಪಿಕಪ್ ಗಾಡಿ, ಹೊರಗೆ ಅಡುಗೆ ಮಾಡೋ ಒಲೆ, ಇಂಥದ್ದೆಲ್ಲ ಒಂದೇ ದಿನದಲ್ಲಿ ಕೂಡಿ ಬರೋದು ವರ್ಷಗಟ್ಟಲೆ ಜೊತೆಗೆ ಕಿರುಚಿ ಅಭ್ಯಾಸ ಇದ್ದವರಿಗೆ ಮಾತ್ರ.

ಅಯೋವಾ ಸಿಟಿಲಿ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ, ಮೇಲಿನ ಮಹಡಿ ಕಿಟಕಿಯಿಂದ ಮೈದಾನ ಪೂರ್ತಿ ಕಾಣತ್ತೆ. 2017ರಿಂದ ಅಲ್ಲಿ ಒಂದು ಪದ್ಧತಿ ಶುರುವಾಗಿದೆ, ಒಬ್ಬ ಅಭಿಮಾನಿ ಫೇಸ್‌ಬುಕ್‌ನಲ್ಲಿ ಹೇಳಿದ ಐಡಿಯಾ. ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಹತ್ತಿರ ಹತ್ತಿರ 70 ಸಾವಿರ ಜನ ಎದ್ದು ಮೈದಾನದ ಕಡೆ ಬೆನ್ನು ಮಾಡಿ ಆ ಕಿಟಕಿಗಳ ಕಡೆ ಕೈ ಬೀಸ್ತಾರೆ, ಎರಡೂ ಟೀಮಿನ ಆಟಗಾರರು, ಎದುರಾಳಿ ಫ್ಯಾನ್‌ಗಳು, ರೆಫರಿಗಳು ಎಲ್ಲರೂ. ಮೇಲಿಂದ ಮಕ್ಕಳೂ ಬೀಸ್ತಾರೆ, ಕೆಲವರ ಕೈಲಿ ಡ್ರಿಪ್ ಇರತ್ತೆ. ಆ ಹೊತ್ತಲ್ಲಿ ಮ್ಯಾಚ್ ಯಾರು ಗೆಲ್ತಾರೆ ಅಂತ ಯಾರಿಗೂ ಗೊತ್ತಿರಲ್ಲ, ಇನ್ನೂ ಮೂರು ಕ್ವಾರ್ಟರ್ ಬಾಕಿ ಇರತ್ತೆ.